ಲೋಟ ಎತ್ತ ನಡೆಯಿತು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ‘ಕುಣಿಕೆ ಮೇಡಂ’ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳ ಕಂಪ್ಯೂಟರಿನ ಪರದೆಯ ಮೇಲೆ ಯಾವಾಗ ನೋಡಿದರೂ ಒಂದು ಗೆರೆ ಮೇಲಕ್ಕೆ ಹೋಗಿ, ಬಳುಕಿ, ಬೇರೆ ದಾರಿಯಿಂದ ವಾಪಸು ಬಂದು ಕುಣಿಕೆಯಂತೆ ಕೂಡಿಕೊಂಡಿರುತ್ತಿತ್ತು. ಹೆಸರಿಟ್ಟವರು ಅಲ್ಲಿನ ಹಿರಿಯ ಫಿಟ್ಟರ್. ಬೆಳಿಗ್ಗೆ ಅವಳು ಬಾಗಿಲು ದಾಟಿದಳೋ ಇಲ್ಲವೋ, “ಬಂದ್ರಪ್ಪಾ ಕುಣಿಕೆ ಮೇಡಂ, ಎಲ್ರೂ ಕುತ್ತಿಗೆ ನೋಡ್ಕೊಳ್ಳಿ” ಎಂದು ಸಾರಿಬಿಡುತ್ತಿದ್ದರು. “ನಿಮ್ಮ ಕುತ್ತಿಗೆ ತಗೊಂಡು ನಾನೇನ್ ಮಾಡ್ಲಿ, ನೀವು ಬಿಗಿದ ಬೋಲ್ಟು ಸಾಕು ನನಗೆ” ಎನ್ನುತ್ತ ಅವಳು ಊಟದ ಡಬ್ಬಿಯನ್ನು ಮೇಜಿನ ಕೆಳಗೆ ತಳ್ಳಿ ಕೂರುತ್ತಿದ್ದಳು.

ಅದು ವಸ್ತುಗಳನ್ನು ಬೇಕೆಂದೇ ಮುರಿಯುವ ಜಾಗ. ಗೋದಾಮಿನಷ್ಟು ಎತ್ತರದ ಚಾವಣಿ, ಒಂದು ಪಕ್ಕಕ್ಕೆ ಕೋಟೆಯಂಥ ಕಾಂಕ್ರೀಟು ಗೋಡೆ, ಆ ಗೋಡೆಗೆ ಬಿಗಿದ ಎಣ್ಣೆಯ ಜಾಕುಗಳು. ಸೇತುವೆಯ ತುಂಡು, ನೀರಿನ ಟ್ಯಾಂಕಿನ ಕಾಲು, ಕಾರ್ಖಾನೆಯ ತೊಲೆ, ಏನನ್ನಾದರೂ ತಂದು ಅಲ್ಲಿ ಕಟ್ಟಿ, ತಳ್ಳಿ, ಎಳೆದು, ಅದು ಸೋಲುವವರೆಗೆ ಕಾಡುತ್ತಿದ್ದರು. ಮುರಿಯುವುದು ಮಿಕ್ಕವರ ಕೆಲಸ. ಅದು ಹೇಗೆ ಮುರಿಯಿತೆಂಬುದನ್ನು ಸಮೀಕರಣವಾಗಿ ಬರೆಯುವುದು ಅವಳ ಕೆಲಸ. ಆ ಸಮೀಕರಣ ಸರಿಯಾಗಿದ್ದರೆ, ಇಡೀ ಕಟ್ಟಡವನ್ನು ಮುಟ್ಟದೆಯೇ, ನಾಳೆ ಭೂಮಿ ನಡುಗಿದರೆ ಅದಕ್ಕೆ ಏನಾದೀತು ಎಂದು ಹೇಳಬಹುದು.

ಈ ಹುಚ್ಚು ಅವಳಿಗೆ ಹಿಡಿದದ್ದು ಚಿಕ್ಕಂದಿನಲ್ಲಿ, ಅಮ್ಮನ ಹೇರ್‌ಪಿನ್ನಿನಿಂದ. ಕಪ್ಪು ತಂತಿಯ ಪಿನ್ನನ್ನು ಸ್ವಲ್ಪ ಅಗಲಿಸಿ ಬಿಟ್ಟರೆ ಮೊದಲಿನಂತಾಗುತ್ತಿತ್ತು. ಜಾಸ್ತಿ ಅಗಲಿಸಿದರೆ ಹಾಗೇ ಬಾಯಿ ತೆರೆದುಕೊಂಡು ನಿಲ್ಲುತ್ತಿತ್ತು. ಅತ್ತಿತ್ತ ಬಗ್ಗಿಸುತ್ತ ಹೋದರೆ ಒಂದು ಹೊತ್ತಿಗೆ ಪಟ್ಟೆಂದು ಮುರಿಯುತ್ತಿತ್ತು. ಮುರಿದ ತುದಿಯನ್ನು ತುಟಿಗೆ ತಾಗಿಸಿಕೊಂಡಾಗ ಚುರ್ ಎಂದಿತು. ಒಲೆಯಿಲ್ಲ, ಬಿಸಿಲಿಲ್ಲ, ಈ ಬಿಸಿ ಎಲ್ಲಿಂದ ಬಂತು? ಅಮ್ಮನ ಪಿನ್ನುಗಳೆಲ್ಲ ಹಾಗೇ ಖಾಲಿಯಾದವು. ಅಮ್ಮ ಬೈದಳು. ಬೈದರೂ ಆ ಪ್ರಶ್ನೆ ತುಟಿಯ ಮೇಲೆ ಉಳಿಯಿತು. ತನ್ನ ಬೆರಳಿನ ಶಕ್ತಿಯನ್ನೇ ತಂತಿ ನುಂಗಿಕೊಂಡು ಬಿಸಿಯಾಗಿದೆ ಎಂದು ಕಾಲೇಜಿನಲ್ಲಿ ತಿಳಿದ ದಿನ ಅವಳಿಗೆ ಮೈ ಜುಮ್ಮೆಂದಿತ್ತಂತೆ.

ಸ್ಪ್ರಿಂಗು ಒತ್ತಿದ ದಾರಿಯಲ್ಲೇ ವಾಪಸು ಬರುತ್ತದೆ. ಕಂಬಕ್ಕೆ ತೊಲೆ ಕೂಡುವ ಕಬ್ಬಿಣದ ಸಂದು ಹಾಗಲ್ಲ. ಅದು ಹೋದ ದಾರಿ ಒಂದು, ಬಂದ ದಾರಿ ಇನ್ನೊಂದು. ಎರಡು ದಾರಿಯ ನಡುವೆ ಉಳಿಯುವ ಜಾಗವೇ ಅದು ನುಂಗಿದ ಶಕ್ತಿ. ಹಾಗಾಗಿ ಒಂದು ಸಂದು ಈಗ ಎಲ್ಲಿದೆ ಎಂದಷ್ಟೇ ತಿಳಿದರೆ, ಅದು ಈಗ ಎಷ್ಟು ಎದುರು ನಿಲ್ಲುತ್ತದೆ ಎಂದು ಹೇಳಲಾಗುವುದಿಲ್ಲ. ಇಲ್ಲಿಗೆ ಅದು ಯಾವ ದಾರಿಯಿಂದ ಬಂತು ಎಂಬುದೂ ಬೇಕು. ಆ ಹಾದಿಯನ್ನೆಲ್ಲ ಹಿಡಿದಿಡಲು ಅವಳ ಸಮೀಕರಣದಲ್ಲಿ ಒಂದು ಹೆಚ್ಚಿನ ಅಕ್ಷರವಿತ್ತು. ಅದನ್ನು ಯಾವ ಅಳತೆಪಟ್ಟಿಯಿಂದಲೂ ಅಳೆಯಲಾಗದು, ಯಾವ ಸಲಕರಣೆಗೂ ಅದು ಕಾಣದು. ಕಾಣದ ಆ ಅಕ್ಷರವೊಂದನ್ನು ಸೇರಿಸಿದ ತಕ್ಷಣ ಕಾಣುವ ಗೆರೆಗಳೆಲ್ಲ ತಮ್ಮ ಜಾಗಕ್ಕೆ ಬಂದು ಕೂರುತ್ತಿದ್ದವು. ಇಷ್ಟು ವರ್ಷ ಅದರ ಜೊತೆ ಬಾಳಿದರೂ ಅವಳಿಗೆ ಆ ಬೆರಗು ಹಳತಾಗಿರಲಿಲ್ಲ.

ಮನೆ ಎಂದರೆ ಎರಡು ಕೋಣೆ, ಉದ್ದನೆಯ ಅಡುಗೆಮನೆ, ಬಾಗಿಲು ಸರಿಯಾಗಿ ಹಾಕಿಕೊಳ್ಳದ ಬಚ್ಚಲು. ಗಂಡ ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲು ತೂಗುವವನು, ಒಳ್ಳೆಯವನು. ಕುಡಿದ ಲೋಟವನ್ನು ಸಿಂಕಿನವರೆಗೆ ಒಯ್ದು ಇಟ್ಟು, “ನೋಡು, ಹೆಲ್ಪ್ ಮಾಡ್ದೆ” ಎನ್ನುವಷ್ಟು ಒಳ್ಳೆಯವನು. ಆ ಲೋಟ ಸಿಂಕಿನಿಂದ ಕಪಾಟಿಗೆ ಹೇಗೆ ಹೋಗುತ್ತದೆ ಎಂಬುದು ಅವನ ಪಾಲಿಗೆ ಪ್ರಕೃತಿಯ ಒಂದು ನಿಯಮ. ಅವಳು ಮದುವೆಯಾದ ಮೇಲೆ ಮೇಲಿನ ಓದು ಓದಿದವಳು. ಬೇಳೆ ಬೇಯುವಾಗ ಸಮೀಕರಣ ಬಿಡಿಸಿ, ಸಮೀಕರಣ ಬಿಡಿಸುವಾಗ ಬೇಳೆ ಸೀಯಿಸಿದವಳು. ಪದವಿ ಬಂದ ದಿನ ಗಂಡ ಎಲ್ಲರಿಗೂ ಸಿಹಿ ಹಂಚಿ, “ನಾನು ಓದಿಸಿದೆ” ಎಂದ. ಸೀದ ಪಾತ್ರೆ ಯಾರು ಉಜ್ಜಿದರು ಎಂದು ಯಾರೂ ಕೇಳಲಿಲ್ಲ.

ಆ ವರ್ಷ ಒಂದು ಬೆಳಿಗ್ಗೆ ಭೂಮಿ ನಡುಗಿತು. ದೊಡ್ಡದೇನಲ್ಲ. ಗೋಡೆಯ ಸುಣ್ಣ ಉದುರಿತು, ಜನ ಬೀದಿಗೆ ಓಡಿ ನಿಂತು ಆಮೇಲೆ ನಗುತ್ತ ಒಳಗೆ ಹೋದರು. ಆದರೆ ದೊಡ್ಡಾಸ್ಪತ್ರೆಯ ದಾದಿಯರ ವಸತಿಯಲ್ಲಿ ಮೆಟ್ಟಿಲ ಬಳಿ ಗೋಡೆ ಬಿರುಕು ಬಿಟ್ಟಿತ್ತು. ಅದು ಕಬ್ಬಿಣದ ಕಂಬ ತೊಲೆಗಳನ್ನು ಬೋಲ್ಟಿನಿಂದ ಕೂಡಿಸಿ ಕಟ್ಟಿದ ನಾಲ್ಕು ಮಾಳಿಗೆಯ ಕಟ್ಟಡ. ನಡುವೆ ಮೆಟ್ಟಿಲು, ಎಡಕ್ಕೊಂದು ಸಾಲು ಮನೆ, ಬಲಕ್ಕೊಂದು ಸಾಲು. ಆಸ್ಪತ್ರೆಯವರು ಎಲ್ಲರನ್ನೂ ಹೊರಗೆ ಹಾಕಿ ಬೀಗ ಜಡಿದರು. ಬಲಸಾಲಿನಿಂದ ಕಂಬ ತೊಲೆ ಕೂಡುವ ಒಂದು ಸಂದನ್ನು ಪ್ರಯೋಗಾಲಯದ ಫಿಟ್ಟರಿಂದಲೇ ಇಡಿಯಾಗಿ ತೆಗೆಸಿ, ಅಲ್ಲಿ ಊರುಗೋಲು ಕೊಟ್ಟು, ಆ ಸಂದನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಷರತ್ತು ಸರಳವಾಗಿತ್ತು. ಸಂದು ಗಟ್ಟಿಯಿದೆ ಎಂದು ವರದಿ ಬಂದರೆ ದಾದಿಯರು ಮನೆಗೆ ಮರಳುತ್ತಾರೆ. ಇಲ್ಲವೆಂದರೆ ಇಡೀ ಕಟ್ಟಡ ಕೆಡವುತ್ತಾರೆ, ಮತ್ತೆ ಅಲ್ಲಿ ವಸತಿ ಕಟ್ಟುವ ಮಾತಿಲ್ಲ, ವಾಹನ ನಿಲ್ಲಿಸುವ ಜಾಗ ಮಾಡುತ್ತಾರೆ. ದಾದಿಯರು ಊರಾಚೆ ಎಲ್ಲಾದರೂ ಕೋಣೆ ಹಿಡಿದುಕೊಂಡು ಪಾಳಿಗೆ ಓಡಾಡಬೇಕು.

ಅವಳ ನಾದಿನಿ ಆ ಆಸ್ಪತ್ರೆಯಲ್ಲಿ ಎಳೆಗೂಸುಗಳ ವಾರ್ಡಿನ ದಾದಿ. ನಾದಿನಿಯ ಗಂಡ ಹಡಗಿನ ಕೆಲಸಕ್ಕೆ ಹೋದರೆ ವರ್ಷಕ್ಕೊಮ್ಮೆ ಮುಖ ತೋರಿಸುವವನು. ಅತ್ತೆಯೂ ಮಗಳ ಜೊತೆ ಬಲಸಾಲಿನ ಮೂರನೆಯ ಮಾಳಿಗೆಯಲ್ಲಿ ಇದ್ದವರು. ಬೀಗ ಬಿದ್ದ ದಿನ ಇಬ್ಬರೂ ಎರಡು ಟ್ರಂಕು, ಒಂದು ಚೀಲ ಪಾತ್ರೆ ಹಿಡಿದುಕೊಂಡು ಅವಳ ಮನೆಗೆ ಬಂದರು.

ಎರಡು ಕೋಣೆಯಲ್ಲಿ ನಾಲ್ವರು. ಹೊತ್ತಲ್ಲದ ಹೊತ್ತಿನಲ್ಲಿ ಪಾಳಿ ಮುಗಿಸಿ ಬಂದು ಮಲಗುವ ನಾದಿನಿಗಾಗಿ ಮನೆಯೆಲ್ಲ ಪಿಸುಮಾತು. ಬಚ್ಚಲಿಗೆ ಸರದಿ. ಹೆಚ್ಚಿದ ಅಕ್ಕಿ, ಹೆಚ್ಚಿದ ಬಟ್ಟೆ, ಒಣಗಿಸಲು ಸಾಲದ ಹಗ್ಗ. ಗಂಡನಿಗೆ ಮಾತ್ರ ಏನೂ ವ್ಯತ್ಯಾಸ ಆದಂತಿರಲಿಲ್ಲ. “ಮನೆ ತುಂಬಿದ ಹಾಗಿದೆ ಅಲ್ವಾ?” ಎಂದು ಸಂತೋಷಪಟ್ಟ.

“ತುಂಬಿದೆ. ಸಿಂಕು” ಎಂದಳು ಅವಳು.

ನಾದಿನಿ ದಾಕ್ಷಿಣ್ಯದವಳು. ಒಂದು ಬೆಳಿಗ್ಗೆ ಚಹಾ ಸೋಸುತ್ತ ಮೆಲ್ಲಗೆ ಕೇಳಿದಳು. “ಅತ್ತಿಗೆ, ನಮ್ಮ ಕಟ್ಟಡದ ಸಂದು ನಿಮ್ಮ ಹತ್ರವೇ ಬಂದಿದೆಯಂತೆ? ನಮ್ಮ ಹುಡುಗೀರೆಲ್ಲ ದಿನಾ ಕೇಳ್ತಾರೆ, ಅತ್ತಿಗೆ ಏನಂದ್ರು ಅಂತ. ಒಬ್ಬಳು ಆಗಲೇ ಟ್ರಂಕು ಕಟ್ಟಿ ಕೂತಿದ್ದಾಳೆ.”

“ಇನ್ನೂ ನೋಡ್ತಾ ಇದ್ದೀನಿ ಕಣೆ.”

“ಗಟ್ಟಿಯಿದೆ ಅಂತ ಬರೆದುಬಿಡು, ಮುಗೀತು” ಎಂದರು ಅತ್ತೆ, ತಟ್ಟೆ ಒರೆಸುತ್ತ. “ಅಷ್ಟು ದಿನ ನಿಂತಿತ್ತು, ಇನ್ಮೇಲೆ ನಿಲ್ಲಲ್ವಾ?”

“ಬೀಳೋ ಕಟ್ಟಡ ಎಲ್ಲ ಬೀಳೋ ತನಕ ನಿಂತೇ ಇರುತ್ತೆ ಅತ್ತೆ.”

“ಇವಳ ಬಾಯಿ ನೋಡು” ಎಂದು ಅತ್ತೆ ನಕ್ಕರು. ನಾದಿನಿ ನಗಲಿಲ್ಲ.

ಹಾಗೆ ಬರೆದುಬಿಡುವ ಆಸೆ ಅವಳಿಗೂ ಇಲ್ಲದಿರಲಿಲ್ಲ. ಬರೆದರೆ ಬಚ್ಚಲ ಸರದಿ ತಪ್ಪುತ್ತಿತ್ತು. ಆದರೆ ಸಂದು ಹೂಂ ಅನ್ನುತ್ತಿರಲಿಲ್ಲ.

ಪ್ರಯೋಗಾಲಯದವರು ನಕ್ಷೆ ನೋಡಿ ಅಂಥದ್ದೇ ಹೊಸ ಸಂದನ್ನೂ ಮಾಡಿದ್ದರು. ಹೊಸದನ್ನು ತಳ್ಳಿ ಎಳೆದಾಗ ಕುಣಿಕೆ ಎಲೆಯಂತೆ ಹೊಟ್ಟೆ ತುಂಬಿಕೊಂಡು ಬಂತು. ಅವಳ ಸಮೀಕರಣ ಅದನ್ನು ಅಚ್ಚೊತ್ತಿದಂತೆ ಹಿಡಿಯಿತು. ಹಳೆಯದನ್ನು ತಳ್ಳಿದಾಗ ಬಂದ ಕುಣಿಕೆ ಹಿಂಡಿದ ಬಟ್ಟೆಯಂತೆ ನಡುವೆ ಸೊರಗಿತ್ತು. ಸಂದು ಸ್ವಲ್ಪ ದೂರ ಯಾವ ಎದುರೂ ಇಲ್ಲದೆ ಸಡಿಲವಾಗಿ ಜಾರಿ, ಆಮೇಲೆ ಬೋಲ್ಟು ತೂತಿನ ಅಂಚಿಗೆ ತಾಗಿ ಧಡಕ್ಕೆಂದು ನಿಲ್ಲುತ್ತಿತ್ತು. ಮೊನ್ನೆಯ ಭೂಕಂಪದ ದಾಖಲೆಯನ್ನು ಸಮೀಕರಣಕ್ಕೆ ಊಡಿಸಿ ನೋಡಿದಳು. ಅಷ್ಟು ಸಣ್ಣ ನಡುಕಕ್ಕೆ ಬೋಲ್ಟು ಇಷ್ಟು ಸಡಿಲವಾಗಲು ಸಾಧ್ಯವೇ ಇರಲಿಲ್ಲ.

“ಕಳಚುವಾಗ ಸಡಿಲ ಆಗಿರಬೇಕು” ಎಂದರು ಪ್ರಯೋಗಾಲಯದ ಮುಖ್ಯಸ್ಥರು. ಸಮಾಧಾನದ ಮನುಷ್ಯ, ಯಾವುದಕ್ಕೂ ಒಂದು ಕಾರಣ ಸಿಕ್ಕರೆ ಸಾಕು ಅವರಿಗೆ.

ಫಿಟ್ಟರಿಗೆ ಅದು ಚುಚ್ಚಿತು. “ಸಾರ್, ನನ್ನ ತಲೆ ಮೇಲೆ ಹಾಕ್ಬೇಡಿ. ನಾನು ಬೋಲ್ಟು ಮುಟ್ಟೇ ಇಲ್ಲ, ಆಚೀಚೆ ತೊಲೆ ಕೊಯ್ದು ತಂದಿದ್ದೀನಿ.” ಆಮೇಲೆ ಅವಳ ಮೇಜಿಗೆ ಬಂದು ಅಂಗೈ ಬಿಡಿಸಿದರು. ಸಂದಿನೊಳಗಿಂದ ಉದುರಿದ ಇಟ್ಟಿಗೆ ಬಣ್ಣದ ನಯವಾದ ಪುಡಿ. “ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಬಂದ ಪುಡಿ ಇದು ಮೇಡಂ. ಎಷ್ಟು ಕಾಲದ್ದೋ ಏನೋ.”

ಆಗ ಅವಳಿಗೆ ತನ್ನ ತಪ್ಪು ಕಂಡಿತು. ಅವಳದಷ್ಟೇ ಅಲ್ಲ, ಈ ಕೆಲಸ ಮಾಡುವ ಯಾರಾದರೂ ಮಾಡುತ್ತಿದ್ದ ತಪ್ಪು. ಕಾಣದ ಆ ಅಕ್ಷರಕ್ಕೆ ಅವಳು ಶುರುವಿನಲ್ಲಿ ಸೊನ್ನೆ ಕೊಟ್ಟಿದ್ದಳು. ಭೂಕಂಪದ ದಾಖಲೆ ಎಲ್ಲಿಂದ ಶುರುವೋ, ಕಟ್ಟಡದ ಕಥೆಯೂ ಅಲ್ಲಿಂದಲೇ ಶುರು ಎಂದುಕೊಂಡಿದ್ದಳು. ಸೊನ್ನೆಯನ್ನು ಅಳಿಸಿ, ಅಲ್ಲಿ ಏನಿರಬೇಕೆಂದು ನೀನೇ ಹುಡುಕು ಎಂದು ಕಂಪ್ಯೂಟರಿಗೆ ಬಿಟ್ಟಳು. ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಉತ್ತರ ಬಂದಿತ್ತು. ಪರೀಕ್ಷೆಯ ಗೆರೆ, ಸಮೀಕರಣದ ಗೆರೆ ಎರಡೂ ಒಂದರ ಮೇಲೊಂದು ಕೂತಿದ್ದವು, ಬೇರ್ಪಡಿಸಿ ನೋಡಲು ಕಣ್ಣು ಕಿರಿದು ಮಾಡಬೇಕಿತ್ತು. ಆದರೆ ಅಕ್ಷರದ ಬೆಲೆ ನೋಡಿ ಅವಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಭೂಕಂಪಕ್ಕೆ ಮೊದಲೇ ಆ ಸಂದು ಅಂಥ ಎಷ್ಟೋ ಭೂಕಂಪಗಳಷ್ಟು ಶಕ್ತಿಯನ್ನು ನುಂಗಿಕೊಂಡು ಕೂತಿತ್ತು. ಯಾರೂ ಕಾಣದ, ಯಾವ ಯಂತ್ರವೂ ಬರೆದಿಡದ ಒಂದು ದೀರ್ಘ ಬಾಳು ಆ ಗೆರೆಯ ಸೊರಗಿದ ನಡುವಿನಲ್ಲಿತ್ತು.

“ಅಷ್ಟೊಂದು ಸಲ ಭೂಮಿ ನಡುಗಿದ್ರೆ ನಮಗೆ ಗೊತ್ತಾಗ್ತಿರಲಿಲ್ವಾ ಮೇಡಂ?” ಎಂದರು ಮುಖ್ಯಸ್ಥರು.

“ಭೂಮಿ ಅಲ್ಲ ಸಾರ್. ಬೇರೆ ಏನೋ.”

“ಏನು?”

ಅದೇ ಗೊತ್ತಿರಲಿಲ್ಲ. ಗೊತ್ತಾಗದೆ ವರದಿ ಬರೆಯುವಂತಿರಲಿಲ್ಲ. ಆ ‘ಏನೋ’ ಕಟ್ಟಡದ ಎಲ್ಲ ಸಂದುಗಳನ್ನೂ ತಿಂದಿದ್ದರೆ ಕೆಡವುವುದೇ ಸರಿ. ಒಂದು ಪಕ್ಕವನ್ನಷ್ಟೇ ತಿಂದಿದ್ದರೆ ಉಳಿದದ್ದನ್ನು ಉಳಿಸಬಹುದು. ಎಲ್ಲ ಸಂದನ್ನೂ ಬಿಚ್ಚಿ ನೋಡಲು ಆಸ್ಪತ್ರೆಯವರು ಒಪ್ಪುತ್ತಿರಲಿಲ್ಲ. ಆಸ್ಪತ್ರೆಯ ಎಂಜಿನಿಯರಿಗೆ ಫೋನು ಮಾಡಿದಳು. ಕಟ್ಟಡ ಮೊದಲು ಯಾವಾಗಲಾದರೂ ಅಲುಗುತ್ತಿತ್ತೇ? “ಇಲ್ಲ ಮೇಡಂ, ಎಲ್ಲ ದಾದಿಯರನ್ನೂ ವಿಚಾರಿಸಿದ್ದೀವಿ. ಒಬ್ಬರೂ ಹಾಗೆ ಹೇಳಿಲ್ಲ.” ನಾದಿನಿಯನ್ನು ಕೇಳಿದಳು. ಅವಳೂ ಇಲ್ಲವೆಂದು ತಲೆಯಾಡಿಸಿದಳು. “ನಾನು ಮನೇಲಿ ಇದ್ದಾಗೆಲ್ಲ ಹೆಣದ ಹಾಗೆ ನಿದ್ದೆ ಮಾಡ್ತಿರ್ತೀನಿ ಅತ್ತಿಗೆ. ಪಾಳಿ ಬೆಳಿಗ್ಗೆ ಇದ್ರೆ ಮನೇಲೇ ಇರಲ್ಲ.”

ಈ ತಲೆಬಿಸಿಯ ನಡುವೆ ಅವಳಿಗೆ ಮನೆಯಲ್ಲಿ ಇನ್ನೊಂದು ಕಿರಿಕಿರಿ. ಅತ್ತೆ ಅಡುಗೆಮನೆಗೆ ಬಂದಾಗಲೆಲ್ಲ ಕಪಾಟಿನ ಲೋಟಗಳನ್ನು ಗೋಡೆಯ ಕಡೆಗೆ ಒತ್ತಿ ಒತ್ತಿ ಹಿಂದಕ್ಕೆ ಇಡುತ್ತಿದ್ದರು. ನೀರು ಕುಡಿಯಲು ಬಂದರೂ ಒಮ್ಮೆ ಒತ್ತುವುದು, ಉಪ್ಪು ತೆಗೆದುಕೊಂಡರೂ ಒಮ್ಮೆ ಒತ್ತುವುದು. ಸಕ್ಕರೆ ಡಬ್ಬಿ, ಬೇಳೆ ಡಬ್ಬಿ, ಎಲ್ಲಕ್ಕೂ ಆ ತಳ್ಳು. ಅವಳು ಕೈಗೆ ಸಿಗುವಂತೆ ಮುಂದಕ್ಕೆ ಇಟ್ಟಿರುತ್ತಿದ್ದಳು, ಬೆಳಗಿನ ಗಡಿಬಿಡಿಯಲ್ಲಿ ತೋಳು ಚಾಚಿ ಹುಡುಕಬೇಕಾಗುತ್ತಿತ್ತು. ತನ್ನ ಮನೆ, ತನ್ನ ಕಪಾಟು, ತಾನು ಇಟ್ಟ ಕ್ರಮ. ಬಾಯಿಬಿಟ್ಟು ಹೇಳದೆ ತಪ್ಪು ತೋರಿಸುತ್ತಿದ್ದಾರೆ ಎಂದು ಅವಳಿಗೆ ಒಳಗೇ ಕುದಿಯುತ್ತಿತ್ತು. ಒಂದು ದಿನ ತಡೆಯಲಾಗಲಿಲ್ಲ.

“ಏನತ್ತೆ, ನಾನು ಇಟ್ಟಿದ್ದು ಒಂದೂ ಸರಿಯಿಲ್ವಾ?”

ಅತ್ತೆ ಕೈ ಅಲ್ಲೇ ನಿಲ್ಲಿಸಿದರು. ತಮ್ಮ ಕೈಯನ್ನೇ ಯಾರದೋ ಎಂಬಂತೆ ನೋಡಿಕೊಂಡರು. “ಅಯ್ಯೋ, ಅದಲ್ವೇ. ಅಭ್ಯಾಸ. ಅಲ್ಲಿ ಇವು ನಡೆದುಕೊಂಡು ಮುಂದೆ ಬಂದುಬಿಡ್ತಿದ್ವು. ನೋಡ್ತಾ ಇರದಿದ್ರೆ ಕೆಳಗೆ ಬೀಳೋವು. ಅದಕ್ಕೇ ಹೋಗ್ತಾ ಬರ್ತಾ ಹಿಂದಕ್ಕೆ ತಳ್ಳೋದು.”

“ನಡೆದುಕೊಂಡು ಅಂದ್ರೆ?”

“ನಡೆದುಕೊಂಡು ಅಂದ್ರೆ ನಡೆದುಕೊಂಡು. ಗಡ ಗಡ ಗಡ. ಬೆಳಿಗ್ಗೆ ತಿಂಡಿ ಆದ್ಮೇಲೆ ಕೆಳಗಡೆ ಲಾಂಡ್ರಿ ಶುರುವಾಗೋದಲ್ಲ, ಆವಾಗ.”

ಅವಳು ಒಲೆ ಆರಿಸಿದಳು. “ಲಾಂಡ್ರಿ? ನಕ್ಷೆ ಪ್ರಕಾರ ನಿಮ್ಮ ಕಟ್ಟಡದ ಕೆಳಗೆ ಉಗ್ರಾಣ ಅಲ್ವಾ ಇರೋದು?”

“ಯಾರಂದ್ರು? ಆಸ್ಪತ್ರೆ ಬಟ್ಟೆಯೆಲ್ಲ ಒಗೆಯೋದು ನಮ್ಮ ಕೆಳಗೇ. ಆಳು ಕೂರೋವಷ್ಟು ದೊಡ್ಡ ಡ್ರಮ್ಮುಗಳು.”

“ಅತ್ತೆ, ಇದನ್ನ ಯಾರಿಗೂ ಯಾಕೆ ಹೇಳ್ಲಿಲ್ಲ ನೀವು?”

ಅತ್ತೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಏನಂತ ಹೇಳೋದು? ಕಸ ಗುಡಿಸಿದ್ದನ್ನ ಯಾರಿಗಾದ್ರೂ ಹೇಳ್ತೀವಾ? ಲೋಟ ಮುಂದೆ ಬಂತು, ಹಿಂದಕ್ಕೆ ಇಟ್ಟೆ. ಅಷ್ಟೇ.”

ನಡುಕ ಎಂದರೆ ಒಂದು ಸಂಗತಿ, ಅದನ್ನು ಕೇಳಿದರೆ ಹೇಳಬಹುದು. ಲೋಟ ಹಿಂದಕ್ಕೆ ಇಡುವುದು ಮನೆಗೆಲಸ, ಅದು ಸಂಗತಿಯೇ ಅಲ್ಲ. ಇಷ್ಟು ಕಾಲ ಆ ಕಟ್ಟಡದ ನಡುಕ ಮನೆಗೆಲಸದೊಳಗೆ ಕರಗಿಹೋಗಿತ್ತು.

“ಯಾವ ಕಡೆಗೆ ನಡೀತಿದ್ವು? ಬಾಗಿಲ ಕಡೆಗಾ, ಕಿಟಕಿ ಕಡೆಗಾ?”

“ಕಪಾಟಿನಿಂದ ಹೊರಗೆ. ಬಾಗಿಲ ಕಡೆಗೆ.”

“ಪಕ್ಕದ ಮನೆಯಲ್ಲಿ?”

“ಅವಳ ಮನೇಲೂ ಅದೇ ಗೋಳು. ಮೆಟ್ಟಿಲಿಂದ ಆ ಕಡೆಯವರಿಗೆ ಏನೂ ಇಲ್ಲ, ಪುಣ್ಯವಂತರು. ನಮ್ಮಲ್ಲಿ ಗಾಜಿನ ಲೋಟ ಒಂದೂ ಉಳೀಲಿಲ್ಲ, ಅವರ ಮನೇಲಿ ನೋಡಬೇಕಿತ್ತು, ಸಾಲಾಗಿ ಇಟ್ಟುಕೊಂಡಿದ್ದರು.”

ಅವಳು ಅತ್ತೆಯನ್ನು ತಬ್ಬಿಕೊಂಡುಬಿಟ್ಟಳು. ಮದುವೆಯಾದಾಗಿನಿಂದ ಇಲ್ಲದ್ದು ಇದೇನೆಂದು ಅತ್ತೆ ಗಾಬರಿಯಾಗಿ, “ಇವಳಿಗೆ ಏನೋ ಆಗಿದೆ ಕಣೋ” ಎಂದು ಮಗನನ್ನು ಕರೆದರು.

ಅಂದು ಅವಳು ರಜೆ ಹಾಕಿ, ಅತ್ತೆಯನ್ನು ಕರೆದುಕೊಂಡು ಹೊರಟಳು. ಬೀಗ ಬಿದ್ದ ವಸತಿಯ ಮಂದಿ ಕೆಲವರು ಆಸ್ಪತ್ರೆಯ ಹಜಾರದಲ್ಲಿ ಪರದೆ ಕಟ್ಟಿಕೊಂಡಿದ್ದರು, ಕೆಲವರು ಹತ್ತಿರದ ಬಂಧುಗಳ ಮನೆಯಲ್ಲಿದ್ದರು. ಈ ಸಲ ದಾದಿಯರನ್ನು ಕೇಳಲಿಲ್ಲ. ಅವರ ತಾಯಂದಿರು, ಚಿಕ್ಕಮ್ಮಂದಿರು, ಮಗು ನೋಡಿಕೊಳ್ಳಲು ಬಂದು ಉಳಿದ ಅಕ್ಕಂದಿರು, ಹಗಲು ಮನೆಯಲ್ಲಿದ್ದವರನ್ನು ಕೇಳಿದಳು. ಮೊದಲು ಎಲ್ಲರೂ “ಇಲ್ಲಪ್ಪ, ಏನೂ ಅಲುಗಲಿಲ್ಲ” ಎನ್ನುತ್ತಿದ್ದರು. ಅತ್ತೆ ಮಧ್ಯೆ ಬಾಯಿ ಹಾಕಿ, “ಲೋಟ ನಡೀತಿತ್ತೇನೇ?” ಎನ್ನುತ್ತಿದ್ದರು. ಆಗ ಮುಖ ಅರಳುತ್ತಿತ್ತು. ಲೋಟವೇ? ನಮ್ಮಲ್ಲಿ ಬೋಗುಣಿಯೇ ಹೊರಡುತ್ತಿತ್ತು. ನಾನು ಡಬ್ಬಿಗಳ ಕೆಳಗೆ ಒದ್ದೆ ಬಟ್ಟೆ ಹಾಸುತ್ತಿದ್ದೆ. ನಾನು ಕಪಾಟಿನ ಅಂಚಿಗೆ ದಾರ ಕಟ್ಟಿದ್ದೆ. ಬಾಗಿಲನ್ನು ಮೇಲಕ್ಕೆ ಎತ್ತಿ ಹಾಕದಿದ್ದರೆ ಚಿಲಕ ಕೂರುತ್ತಿರಲಿಲ್ಲ. ಒಬ್ಬಾಕೆ ಮಗುವಿನ ತೊಟ್ಟಿಲನ್ನು ಆ ಗೋಡೆಯ ಹತ್ತಿರವೇ ಇಡುತ್ತಿದ್ದಳಂತೆ, ಲಾಂಡ್ರಿ ಶುರುವಾದರೆ ಅದು ತಾನೇ ನಿದ್ದೆ ಹೋಗುತ್ತಿತ್ತು.

ಕಟ್ಟಡದ ನಕ್ಷೆಯ ಮೇಲೆ ಅವಳು ಬಲಕ್ಕೆ ಚುಕ್ಕಿ ಹಾಕುತ್ತ ಹೋದಳು. ಮೆಟ್ಟಿಲಿನಿಂದ ಎಡಕ್ಕೆ ಒಂದೂ ಚುಕ್ಕಿ ಬೀಳಲಿಲ್ಲ.

ಕಿವಿಯಿಂದ ಕೇಳಿದ್ದು ಸಾಲದು, ಕಣ್ಣಾರೆ ನೋಡಬೇಕಿತ್ತು. ಎಂಜಿನಿಯರು ಒಂದು ಬೆಳಿಗ್ಗೆ ಬೀಗ ತೆರೆಸಿದರು. ಕಟ್ಟಡ ಖಾಲಿ ಮಾಡಿಸಿದ ದಿನದಿಂದ ಲಾಂಡ್ರಿಯೂ ನಿಂತಿತ್ತು. ಒಳಗೆ ಹೋಗಿ ನೋಡಿದರೆ, ನೆಲ ಮೆತ್ತಗಿದೆ ಎಂದು ಯಾವ ಕಾಲದಲ್ಲೋ ಡ್ರಮ್ಮುಗಳ ಪೀಠವನ್ನು ಕಬ್ಬಿಣದ ತೊಲೆಯಿಂದ ಕಟ್ಟಡದ ಕಂಬಗಳಿಗೇ ಬಿಗಿದುಬಿಟ್ಟಿದ್ದರು. ಲಾಂಡ್ರಿಯ ಹೆಂಗಸರನ್ನು ಅವಳು ಕೇಳಿಕೊಂಡಳು. ಒದ್ದೆ ಚಾದರ ತುಂಬಿ ಎಂದಿನಂತೆ ಓಡಿಸಿ.

“ಎಂದಿನಂತೆ ಅನ್ನೋದೇ ಇಲ್ಲ ಮೇಡಂ” ಎಂದಳು ಅವರಲ್ಲಿ ಒಬ್ಬಳು. “ಚಾದರ ಒಂದ್ಸಲ ಈ ಕಡೆ ಮುದ್ದೆಯಾಗುತ್ತೆ, ಒಂದ್ಸಲ ಆ ಕಡೆ. ಒಂದು ದಿನ ಸುಮ್ಮನೆ ತಿರುಗುತ್ತೆ, ಒಂದು ದಿನ ಕುದುರೆ ಹಾಗೆ ಎಗರುತ್ತೆ.”

ಅವಳಿಗೆ ಒಳಗೇ ನಗು ಬಂತು. ಒಂದರಂತೆ ಇನ್ನೊಂದು ಬಾರದ, ಗೊತ್ತುಗುರಿಯಿಲ್ಲದ ಕಂಪನ ಎಂದು ತನ್ನ ಪುಸ್ತಕಗಳು ಪುಟಗಟ್ಟಲೆ ಹೇಳುವುದು ಇದನ್ನೇ.

ಮೂರನೆಯ ಮಾಳಿಗೆಯ ಖಾಲಿ ಅಡುಗೆಮನೆಯಲ್ಲಿ ಅವಳು, ಅತ್ತೆ, ನಾದಿನಿ, ಎಂಜಿನಿಯರು ನಿಂತರು. ಫಿಟ್ಟರು ಗೋಡೆಗೆ ಕಂಪನ ಅಳೆಯುವ ಸಲಕರಣೆ ಅಂಟಿಸಿದರು. ಅತ್ತೆ ಚೀಲದಿಂದ ಸ್ಟೀಲಿನ ಲೋಟ ತೆಗೆದು ಕಪಾಟಿನ ಮೇಲೆ, ಗೋಡೆಗೆ ಒತ್ತಿ ಇಟ್ಟರು. ಕೆಳಗೆ ಯಂತ್ರ ಶುರುವಾಯಿತು. ಮೊದಲು ಏನೂ ಇಲ್ಲ. ಆಮೇಲೆ ಕಾಲಿನ ಅಡಿಯಲ್ಲಿ ಜೇನುಗೂಡಿನಂಥ ಒಂದು ಗುಂಯ್. ಲೋಟ ತುಸು ನಡುಗಿ, ತಿರುಗಿ, ಹೊರಟಿತು. ನಿಜಕ್ಕೂ ನಡೆಯಿತು. ತಡೆದು, ಯೋಚಿಸಿದಂತೆ ನಿಂತು, ಮತ್ತೆ ಎರಡು ಬೆರಳು ಮುಂದೆ.

ಅತ್ತೆಯ ಕೈ ತಾನಾಗಿ ಮೇಲೆದ್ದಿತು.

“ಬೇಡ ಅತ್ತೆ. ಇವತ್ತು ಬಿಟ್ಟುಬಿಡಿ.”

ಅತ್ತೆ ಸೆರಗಿನಲ್ಲಿ ಕೈ ಸುತ್ತಿಕೊಂಡು ನಿಂತರು. ಅಷ್ಟು ವರ್ಷ ಆ ಮನೆಯಲ್ಲಿದ್ದರೂ ಲೋಟ ಕೊನೆಯವರೆಗೆ ಹೋಗುವುದನ್ನು ಅವರು ನಿಂತು ನೋಡಿದ್ದೇ ಇಲ್ಲ. ಅದು ಅಂಚಿಗೆ ಬಂತು. ಅರ್ಧ ಹೊರಗೆ ಚಾಚಿತು. ಠಣ್ಣೆಂದು ಬಿದ್ದು ಎಂಜಿನಿಯರ ಬೂಟಿನವರೆಗೆ ಉರುಳಿತು.

“ಇದು ದಿನಾ ಆಗ್ತಿತ್ತಾ?” ಎಂದರು ಅವರು, ದನಿ ತಗ್ಗಿಸಿ. “ನಮಗೆ ಯಾರೂ ಹೇಳಲೇ ಇಲ್ವಲ್ಲ.”

“ನೀವು ಸಂಬಳ ಇರೋರನ್ನ ಕೇಳಿದ್ರಿ ಸಾರ್” ಎಂದಳು ನಾದಿನಿ. “ನಾವು ಮನೇಲಿ ಇರೋದೇ ಇಲ್ಲ. ನಾನೂ ಇವತ್ತೇ ನೋಡಿದ್ದು.” ಬಗ್ಗಿ ಲೋಟ ಎತ್ತಿಕೊಂಡು ಅಮ್ಮನ ಮುಖ ನೋಡಿದಳು. “ನೀನು ಒಂದು ದಿನಾನೂ ಹೇಳ್ಲಿಲ್ವಲ್ಲಮ್ಮ.”

“ನೀನು ಮಲಗಿರ್ತಿದ್ದೆ” ಎಂದರು ಅತ್ತೆ.

ಎಂಜಿನಿಯರು ಈಗ ಸಂದು ಬಿಚ್ಚಲು ಒಪ್ಪಿದರು. ಚುಕ್ಕಿ ಬಿದ್ದ ಕಡೆ ಬಿಚ್ಚಿದಲ್ಲೆಲ್ಲ ಆ ಇಟ್ಟಿಗೆ ಬಣ್ಣದ ಪುಡಿ. ಬೋಲ್ಟುಗಳು ಬೆರಳಿಗೆ ತಿರುಗುತ್ತಿದ್ದವು. ಎಡಸಾಲಿನಲ್ಲಿ ಫಿಟ್ಟರು ಉದ್ದನೆಯ ಸ್ಪ್ಯಾನರಿಗೆ ಜೋತುಬಿದ್ದರೂ ಬೋಲ್ಟು ಮಿಸುಕಲಿಲ್ಲ. “ಇದು ಕಟ್ಟಿದವರು ಸತ್ತರೂ ಬಿಚ್ಚಲ್ಲ ಮೇಡಂ” ಎಂದು ಏದುಸಿರು ಬಿಡುತ್ತ ಹಿಗ್ಗಿದರು.

ಇನ್ನು ಉಳಿದದ್ದು ಲೆಕ್ಕ. ಎಡಸಾಲಿನ ಸಂದುಗಳಿಗೆ ಕಾಣದ ಅಕ್ಷರದ ಒಂದು ಬೆಲೆ, ಬಲಸಾಲಿಗೆ ಇನ್ನೊಂದು. ಇವೆರಡನ್ನೂ ಇಟ್ಟು ಇಡೀ ಕಟ್ಟಡವನ್ನು ಸಮೀಕರಣದಲ್ಲಿ ಕಟ್ಟಿ ನಿಲ್ಲಿಸಿದಳು. ಮುಂದೆ ಬರುವ ಭೂಕಂಪ ಹೇಗಿರುತ್ತದೆ ಎಂದು ಯಾರಿಗೂ ತಿಳಿಯದು. ಹಾಗಾಗಿ ಒಂದನ್ನು ನಂಬಿ ಕೂರುವಂತಿಲ್ಲ. ನಡೆಯದೇ ಇರುವ, ನಡೆಯಬಹುದಾದ ನೂರಾರು ನಡುಕಗಳನ್ನು ಕಂಪ್ಯೂಟರಿನಿಂದಲೇ ಹುಟ್ಟಿಸಿ ಒಂದೊಂದಾಗಿ ಕಟ್ಟಡದ ಮೇಲೆ ಬಿಟ್ಟಳು. ಪರದೆಯ ಮೇಲೆ ಕುಣಿಕೆಯ ಮೇಲೆ ಕುಣಿಕೆ ಬಿಡಿಸಿಕೊಳ್ಳುತ್ತ ಹೋಯಿತು. ಮುಖ್ಯಸ್ಥರು, ಫಿಟ್ಟರು, ಜಾಕು ನಡೆಸುವವರು ಎಲ್ಲ ಅವಳ ಕುರ್ಚಿಯ ಹಿಂದೆ ಬಂದು ನಿಂತರು. ಹೊರಗೆ ಬೀದಿಯಲ್ಲಿ ಹಣ್ಣಿನ ಗಾಡಿಯವನು ಕೂಗುತ್ತಿದ್ದ. ಇನ್ನೂ ಹುಟ್ಟದ ನೂರಾರು ಬೆಳಗುಗಳು ಒಂದೇ ಮಧ್ಯಾಹ್ನದಲ್ಲಿ ಆ ಮನೆಗಳ ಮೇಲೆ ಹಾದುಹೋದವು. ಎಡಸಾಲು ಬಳುಕಿ, ನುಂಗಿಕೊಂಡು, ನಿಂತಿತು. ಮತ್ತೆ ಮತ್ತೆ ನಿಂತಿತು. ಬಲಸಾಲು ಎಷ್ಟೋ ಸಲ ನಿಲ್ಲಲಿಲ್ಲ. ಬೋಲ್ಟು ಬಿಗಿದರಷ್ಟೇ ಸಾಲದು, ಸಂದಿನೊಳಗೆ ಸವೆದು ನುಣುಪಾದ ತಗಡುಗಳನ್ನೇ ಬದಲಿಸಬೇಕು. ಮೆಟ್ಟಿಲಿನ ಬಳಿ ಎರಡು ಸಾಲನ್ನೂ ಬೇರ್ಪಡಿಸಬೇಕು. ಲಾಂಡ್ರಿಯನ್ನು ಬೇರೆ ನೆಲಕ್ಕೆ ಒಯ್ಯಬೇಕು.

ಫಿಟ್ಟರು, “ಕುಣಿಕೆ ಹಾಕಿ ಕಟ್ಟಡ ಎಳೆದು ನಿಲ್ಲಿಸಿಬಿಟ್ರಲ್ಲ ಮೇಡಂ” ಎಂದರು. ಆ ಸಲ ಅವರು ತಮಾಷೆ ಮಾಡುತ್ತಿರಲಿಲ್ಲ.

ವರದಿಯನ್ನು ಆಸ್ಪತ್ರೆಯವರು ಒಪ್ಪಿದರು. ಮನೆಗೆ ಬಂದು ನಾದಿನಿಗೆ ಹೇಳುವುದು ವರದಿ ಬರೆಯುವುದಕ್ಕಿಂತ ಕಷ್ಟವಾಯಿತು. ಕಟ್ಟಡ ಉಳಿಯುತ್ತದೆ, ನಿನ್ನ ಮನೆಗೆ ಮಾತ್ರ ಇನ್ನೊಂದು ವರ್ಷವಾದರೂ ಹೋಗುವಂತಿಲ್ಲ. ನಾದಿನಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿಟ್ಟಳು.

“ಅತ್ತಿಗೆ, ಮೆಟ್ಟಿಲು ನಿಲ್ಲುತ್ತಲ್ವಾ?”

“ನಿಲ್ಲುತ್ತೆ ಕಣೆ.”

“ಹಾಗಾದ್ರೆ ಸಾಕು. ಎಡಸಾಲಿನ ವಾರ್ಡ್ ಸಿಸ್ಟರ್ ಮನೇಲಿ ಅವರೊಬ್ಬರೇ ಇರೋದು. ಯಾವಾಗಲೋ ಕರೆದಿದ್ರು, ಬಾ, ಜೊತೆಗಿರೋಣ ಅಂತ. ಈ ಕಡೆಯವರೆಲ್ಲ ಆ ಕಡೆ ಒಂದೊಂದು ಮನೆ ಹಂಚಿಕೊಂಡರೆ ಆಯ್ತು.”

“ನಾನೂ ಬರ್ತೀನಿ” ಎಂದರು ಅತ್ತೆ. “ಪಾಳಿ ಮುಗಿಸಿ ಬರೋರಿಗೆ ಬಿಸಿ ಏನಾದ್ರೂ ಮಾಡಿಕೊಡೋರು ಬೇಡ್ವಾ?”

“ಹಾಗಾದ್ರೆ ನಮಗೆ ಬೆಳಿಗ್ಗೆ ಚಹಾ ಯಾರು ಮಾಡೋದಮ್ಮ?” ಎಂದ ಮಗ.

“ನಿನಗೆ ಕೈ ಕೊಟ್ಟಿದ್ದೀನಲ್ಲೋ, ಎರಡೂ ಚೆನ್ನಾಗೇ ಇವೆ” ಎಂದರು ಅತ್ತೆ.

ಎಡಸಾಲಿನ ಬೀಗ ತೆಗೆದದ್ದು ಒಂದು ತಿಳಿ ಬೆಳಿಗ್ಗೆ. ಟ್ರಂಕು, ಹಾಸಿಗೆ ಸುರುಳಿ, ಬಕೀಟು, ಮಕ್ಕಳು. ಹೆಂಗಸರು ಸಾಲುಗಟ್ಟಿ ಹತ್ತಿದರು. ಮೊದಲ ತಿರುವಿನಲ್ಲಿ ಒಬ್ಬಳು ನಿಂತು, ನೋಡೋಣ ಎಂಬಂತೆ ನೆಲವನ್ನು ಜೋರಾಗಿ ಒದ್ದಳು. ಹಿಂದಿನವಳೂ ಒದ್ದಳು. ಆಮೇಲೆ ಹತ್ತುವವರೆಲ್ಲ ಅಲ್ಲಿ ಬಂದು ಒಮ್ಮೆ ಧಪ್ಪೆಂದು ಕುಣಿದು ನಗುತ್ತ ಮುಂದೆ ಹೋದರು. ಕೆಳಗೆ ಕುಣಿಕೆ ಮೇಡಂ ಎಡಸಾಲಿನ ಕಂಬಕ್ಕೆ ಅಂಗೈ ಊರಿ, ಕಣ್ಣು ಮುಚ್ಚಿ ನಿಂತಿದ್ದಳು. ಪ್ರತಿ ಹೆಜ್ಜೆಯೂ ಕಬ್ಬಿಣದೊಳಗೆ ಇಳಿದು ಬರುತ್ತಿತ್ತು, ಅವಳ ಕೈಗೆ ತಾಕುವ ಹೊತ್ತಿಗೆ ಎಷ್ಟೋ ಸಂದುಗಳು ಅದನ್ನು ಸ್ವಲ್ಪ ಸ್ವಲ್ಪವೇ ನುಂಗಿರುತ್ತಿದ್ದವು. ಬರುವುದು ನೀರಿನೊಳಗಿನಿಂದ ಕೇಳಿದ ಸದ್ದಿನಷ್ಟು ಮೆತ್ತಗೆ.

ಮೇಲಿನಿಂದ ಅತ್ತೆ ಬಗ್ಗಿ ನೋಡಿದರು. “ಏನೇ ಅದು, ಕಂಬ ಹಿಡ್ಕೊಂಡು ನಿದ್ದೆ ಮಾಡ್ತಿದ್ದೀಯಾ? ಮೇಲೆ ಬಾ, ಈ ಟ್ರಂಕಿಗೆ ಒಂದು ಕೈ ಹಾಕು.”

“ಬಂದೆ ಅತ್ತೆ. ನೀವು ಒಂದು ಸಲ ಆ ಬಾಗಿಲಿಂದ ಕಿಟಕಿವರೆಗೂ ನಡೀರಿ.”

“ಯಾಕೆ?”

“ಸುಮ್ನೆ ನಡೀರಿ.”

ಅತ್ತೆ ಏನೋ ಗೊಣಗುತ್ತ ತಿರುಗಿದರು. ಅವಳು ಇನ್ನೊಂದು ಅಂಗೈಯನ್ನೂ ಕಂಬಕ್ಕೆ ಊರಿ ಕಾದಳು.